ನಸುಕಿನ ನಾಲ್ಕೂವರೆಗೆ ಮಕ್ಕಳನ್ನು ಎಬ್ಬಿಸಬೇಡಿ

ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಹೈಸ್ಕೂಲು ಶಿಕ್ಷಕರಿಗೆ, ಹತ್ತನೇ ತರಗತಿ ಮಕ್ಕಳ ಪಾಲಕರಿಗೆ,

ದೀಪಾವಳಿ ಮುಗಿದು ಚಳಿ ಬೀಳತೊಡಗಿತೆಂದರೆ ಎಸ್ಸೆಸ್ಸೆಲ್ಸಿ ಮಕ್ಕಳಿರುವ ಮನೆಗಳ ದಿನಚರಿಯೇ ಬೇರೆಯಾಗುತ್ತದೆ. ಶಾಲೆ ಬಿಟ್ಟ ಮೇಲೆ ವಿಶೇಷ ತರಗತಿ, ಅದು ಮುಗಿಸಿ ಟ್ಯೂಷನ್, ಊಟವಾದ ಮೇಲೆ ಹನ್ನೊಂದರವರೆಗೆ ಪುಸ್ತಕ, ಮತ್ತೆ ನಸುಕಿನ ನಾಲ್ಕೂವರೆಗೆ ಅಲಾರಾಂ. ಶಿಕ್ಷಕರೇ ನಸುಕಿನಲ್ಲಿ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸುವ ಪದ್ಧತಿ ರಾಜ್ಯದ ಹಲವು ಕಡೆ ರೂಢಿಯಾಗಿದೆ. ಎದ್ದು ಕುಳಿತಿದ್ದಾರೋ ಇಲ್ಲವೋ ಎಂದು ಮನೆ ಬಾಗಿಲಿಗೇ ಹೋಗಿ ನೋಡುವವರೂ ಇದ್ದಾರೆ. ಇದರ ಹಿಂದಿರುವ ಅಕ್ಕರೆ ದೊಡ್ಡದು. ಸಂಬಳ ಬರುತ್ತದೆಂದು ಯಾರೂ ಕತ್ತಲಲ್ಲಿ ಎದ್ದು ಇನ್ನೊಬ್ಬರ ಮಗುವಿಗೆ ಫೋನ್ ಮಾಡುವುದಿಲ್ಲ. ಆ ಅಕ್ಕರೆಯ ಮೇಲಿನ ಗೌರವದಿಂದಲೇ ಕೇಳುತ್ತಿದ್ದೇನೆ: ಮಕ್ಕಳ ನಿದ್ದೆಯನ್ನು ಕತ್ತರಿಸಿ ಓದಿಗೆ ಹೊತ್ತು ಹೊಂದಿಸಬೇಡಿ. ಹಾಗೆ ಕತ್ತರಿಸಿದಾಗ ಓದಿದ್ದರಲ್ಲೇ ಒಂದು ಪಾಲು ಕಳೆದುಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಇನ್ನೂ ಕಟ್ಟಿ ಮುಗಿಯದ ಮಿದುಳಿನ ಕೆಲಸ ಕೆಡುತ್ತದೆ. ಹೀಗೆನ್ನಲು ಏನು ಆಧಾರ ಎಂಬುದನ್ನು ನಿಮ್ಮ ಮುಂದಿಡುತ್ತೇನೆ. ನೀವೇ ತೂಗಿ ನೋಡಿ.

ನಿದ್ದೆಯಲ್ಲಿ ಮಿದುಳು ದೀಪ ಆರಿಸಿದ ಕೋಣೆಯಂತೆ ಸುಮ್ಮನಿರುತ್ತದೆ ಎಂದೇ ಬಹುಕಾಲ ಜನ ನಂಬಿದ್ದರು. ಜರ್ಮನಿಯ ಹಾನ್ಸ್ ಬರ್ಗರ್ ಎಂಬ ಮನೋವೈದ್ಯರು 1924ರಲ್ಲಿ ಮನುಷ್ಯನ ತಲೆಯಿಂದ ವಿದ್ಯುತ್ತಿನ ಏರಿಳಿತವನ್ನು ದಾಖಲಿಸಿ 1929ರಲ್ಲಿ ಪ್ರಕಟಿಸಿದ ಮೇಲೆ ಆ ನಂಬಿಕೆ ಸಡಿಲವಾಗತೊಡಗಿತು. ಅವರ ವಿಧಾನವನ್ನೇ ಇಂದು ಇಇಜಿ ಎನ್ನುತ್ತೇವೆ. ಮಕ್ಕಳ ನಿದ್ದೆಯನ್ನು ಅಭ್ಯಸಿಸುವ ಪ್ರಯೋಗಾಲಯಗಳಲ್ಲಿ ಮಗುವಿನ ತಲೆಗೆ ಮೀನುಬಲೆಯಂಥ ಒಂದು ಟೊಪ್ಪಿಗೆ ತೊಡಿಸುತ್ತಾರೆ. ಬಲೆಯ ಗಂಟುಗಳಿರಬೇಕಾದ ಜಾಗದಲ್ಲಿ ಉಪ್ಪುನೀರಿನಲ್ಲಿ ನೆನೆದ 128 ಪುಟ್ಟ ಸ್ಪಂಜುಗಳು, ಒಂದೊಂದರಿಂದಲೂ ಒಂದೊಂದು ತಂತಿ. ಮಗು ಎಚ್ಚರವಾಗಿರುವಷ್ಟು ಹೊತ್ತು ಪರದೆಯ ಮೇಲಿನ ಗೆರೆಗಳು ಗಾಳಿಗೆ ನಡುಗುವ ನೀರಿನಂತೆ ಸಣ್ಣದಾಗಿ, ಗಡಿಬಿಡಿಯಲ್ಲಿ ಓಡುತ್ತಿರುತ್ತವೆ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತಿಗೆ ಆ ನಡುಕ ನಿಂತು, ದೂರದಿಂದ ದೊಡ್ಡ ಅಲೆ ಬರುವ ಹಾಗೆ ಗೆರೆ ನಿಧಾನವಾಗಿ ಏಳುತ್ತದೆ, ನಿಧಾನವಾಗಿ ಬೀಳುತ್ತದೆ. ಸೆಕೆಂಡಿಗೆ ಒಂದರಿಂದ ನಾಲ್ಕರಷ್ಟು ಬರುವ ಇವು ಗಾಢ ನಿದ್ದೆಯ ಮಂದ ಅಲೆಗಳು. ಲಕ್ಷಾಂತರ ನರಕೋಶಗಳು ಒಟ್ಟಿಗೇ ಸುಮ್ಮನಾಗಿ ಒಟ್ಟಿಗೇ ಮಿಡಿದಾಗ ಇಂಥ ಒಂದು ಅಲೆ ಏಳುತ್ತದೆ. ದೊಡ್ಡವರಲ್ಲೂ ಇವು ಇವೆ, ಆದರೆ ಮಕ್ಕಳ ಅಲೆಗಳ ಎತ್ತರವೇ ಬೇರೆ. ಒಂದೇ ಹಾಸಿಗೆಯಲ್ಲಿ ತಾಯಿ ಮತ್ತು ಎಂಟು ವರ್ಷದ ಮಗಳು ಮಲಗಿದ್ದರೆ ಮಗಳ ತಲೆಯೊಳಗಿನ ಅಲೆಗಳು ತಾಯಿಯದ್ದಕ್ಕಿಂತ ಎಷ್ಟೋ ದೊಡ್ಡವಾಗಿರುತ್ತವೆ. ದೇಹ ಬೆಳೆಸುವ ಹಾರ್ಮೋನು ಹೆಚ್ಚಾಗಿ ಸ್ರವಿಸುವುದೂ ಈ ಹೊತ್ತಿನಲ್ಲೇ.

ಇಲ್ಲಿಂದ ಮುಂದಿನ ಸಂಗತಿಯನ್ನು ಶಿಕ್ಷಕರು ವಿಶೇಷವಾಗಿ ಗಮನಿಸಬೇಕು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಮಕ್ಕಳ ಆಸ್ಪತ್ರೆಯಲ್ಲಿ ರೆಟೊ ಹುಬರ್, ಸಲೋಮೆ ಕುರ್ತ್ ಮತ್ತು ಅವರ ಜೊತೆಗಾರರು ಎರಡು ವರ್ಷ ದಾಟಿದ ಹಸುಳೆಗಳಿಂದ ಹತ್ತೊಂಬತ್ತರ ತರುಣರವರೆಗೆ 55 ಮಂದಿಯ ನಿದ್ದೆಯನ್ನು ದಾಖಲಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಂದ ಅಲೆ ತಲೆಯ ಯಾವ ಭಾಗದಲ್ಲಿ ಅತಿ ಜೋರಾಗಿದೆ ಎಂಬ ನಕ್ಷೆ ಬಿಡಿಸಿದಾಗ ಅದು ವಯಸ್ಸಿನೊಂದಿಗೆ ಸರಿಯುತ್ತಿರುವುದು ಕಂಡಿತು. ಪುಟ್ಟ ಮಕ್ಕಳಲ್ಲಿ ಅಲೆಯ ಜೋರು ತಲೆಯ ಹಿಂಬದಿಯಲ್ಲಿ, ಅಂದರೆ ಕಣ್ಣು ಕಂಡದ್ದನ್ನು ಅರ್ಥಮಾಡಿಕೊಳ್ಳುವ ಭಾಗದಲ್ಲಿ. ಬೆಳೆದಂತೆ ಅದು ನಡುನೆತ್ತಿಯತ್ತ ಬರುತ್ತದೆ. ಹದಿಹರೆಯಕ್ಕೆ ಹಣೆಯ ಹಿಂದಿನ ಭಾಗವನ್ನು ಮುಟ್ಟುತ್ತದೆ. ಮಿದುಳಿನ ಹೊರಪದರ ಬಲಿಯುವುದೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ: ಮೊದಲು ನೋಟ, ಆಮೇಲೆ ಕೈಕಾಲುಗಳ ಹಿಡಿತ, ಎಲ್ಲಕ್ಕಿಂತ ಕೊನೆಗೆ ಯೋಚನೆ, ತಾಳ್ಮೆ, ನಾಳೆಯ ಲೆಕ್ಕಾಚಾರ. ಮಿದುಳಿನ ಯಾವ ಕೋಣೆಯಲ್ಲಿ ಆಗ ಕೆಲಸ ನಡೆದಿದೆಯೋ ಆ ಕೋಣೆಯಲ್ಲೇ ರಾತ್ರಿಯ ಅಲೆ ಜೋರು. ಇದೇ ಸಂಶೋಧಕರಲ್ಲಿ ಕೆಲವರು ಇತರರ ಜೊತೆಗೂಡಿ 2016ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ 5ರಿಂದ 12 ವರ್ಷದ 13 ಮಕ್ಕಳನ್ನು ಒಂದು ರಾತ್ರಿ ತಡವಾಗಿ ಮಲಗಿಸಿ ಅರ್ಧ ನಿದ್ದೆಗೆ ಇಳಿಸಿದರು. ನಿದ್ದೆಗೆಟ್ಟ ದೊಡ್ಡವರಲ್ಲಿ ಅದರ ಹೊರೆ ಬೀಳುವುದು ಮಿದುಳಿನ ಮುಂಭಾಗದ ಮೇಲೆ. ಈ ಮಕ್ಕಳಲ್ಲಿ ಅದು ಹಿಂಬದಿಯಲ್ಲಿ ಕಾಣಿಸಿಕೊಂಡಿತು. ಕಟ್ಟುವ ಕೆಲಸ ಎಲ್ಲಿದೆಯೋ ಹಸಿವೂ ಅಲ್ಲೇ. ಹದಿನೈದು, ಹದಿನಾರರ ಹತ್ತನೇ ತರಗತಿ ಮಗುವಿನಲ್ಲಿ ಆ ಕೆಲಸ ಹಣೆಯ ಹಿಂದೆ ನಡೆದಿರುತ್ತದೆ, ಇಪ್ಪತ್ತು ದಾಟಿದ ಮೇಲೂ ಮುಗಿದಿರುವುದಿಲ್ಲ. ಮೂರು ಗಂಟೆಯ ಪ್ರಶ್ನೆಪತ್ರಿಕೆಯನ್ನು ಗಾಬರಿಯಾಗದೆ, ಹೊತ್ತು ಹಂಚಿಕೊಂಡು ಬರೆಯುವ ಶಕ್ತಿ ಇರುವುದೂ ಅಲ್ಲೇ.

ಹರೆಯದಲ್ಲಿ ಇನ್ನೊಂದು ಬದಲಾವಣೆಯೂ ಆಗುತ್ತದೆ. ಹನ್ನೊಂದರಿಂದ ಹದಿನಾರರ ನಡುವಿನ ಐದಾರು ವರ್ಷಗಳಲ್ಲಿ ಈ ಮಂದ ಅಲೆಗಳ ಬಲ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಅಮೆರಿಕದ ಅರ್ವಿನ್ ಫೈನ್‌ಬರ್ಗ್ 1980ರ ದಶಕದ ಆರಂಭದಲ್ಲೇ ಇದಕ್ಕೊಂದು ವಿವರಣೆ ಕೊಟ್ಟರು. ಬಾಲ್ಯದಲ್ಲಿ ನರಕೋಶಗಳ ನಡುವೆ ಬೇಕಾದ್ದಕ್ಕಿಂತ ಹೆಚ್ಚು ಕೊಂಡಿಗಳು ಬೆಳೆದಿರುತ್ತವೆ. ಹರೆಯದಲ್ಲಿ ಮಿದುಳು ಬಳಕೆಯಲ್ಲಿರುವುದನ್ನು ಗಟ್ಟಿಮಾಡಿಕೊಂಡು ಬೇಡವಾದದ್ದನ್ನು ಸವರಿ ತೆಗೆಯುತ್ತದೆ. ಅಲೆ ಇಳಿಯುವುದು ಆ ಸವರುವಿಕೆಯ ಗುರುತು ಎಂದು. ಅಂಕೋಲೆಯ ಕರಿ ಈಶಾಡ ಮಾವಿನ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟೊಂಗೆ ಸವರುವುದೂ ಬೆಳೆಸುವುದರ ಒಂದು ಭಾಗವೇ. ನಿದ್ರಾ ಸಂಶೋಧಕರಾದ ಜೂಲಿಯೊ ಟೊನೊನಿ ಮತ್ತು ಕಿಯಾರಾ ಚಿರೆಲ್ಲಿ 2003ರಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಗಲಿನ ಕಲಿಕೆಯಿಂದ ಬಿಗಿದುಕೊಂಡ ಕೊಂಡಿಗಳನ್ನು ಪ್ರತಿ ರಾತ್ರಿ ಸಡಿಲಿಸಿ ಹದಕ್ಕೆ ತರುವುದೇ ಗಾಢ ನಿದ್ದೆಯ ಕೆಲಸ ಎಂದು ವಾದಿಸುತ್ತ ಬಂದಿದ್ದಾರೆ. ಇದನ್ನು ಒಪ್ಪದ ವಿಜ್ಞಾನಿಗಳಿದ್ದಾರೆ. ಸವರುವ ಕೆಲಸವನ್ನು ಅಲೆಯೇ ಮಾಡುತ್ತದೆಯೋ, ಅಲ್ಲ ಬೇರೆಲ್ಲೋ ನಡೆದ ಕೆಲಸ ಅಲೆಯಲ್ಲಿ ಬರೇ ಕಾಣಿಸಿಕೊಳ್ಳುತ್ತದೆಯೋ ಎಂಬ ಚರ್ಚೆ ನಡೆದೇ ಇದೆ. ಆದರೂ ನಿದ್ದೆ ಬರಿಯ ಸಾಕ್ಷಿಯಲ್ಲ ಎನ್ನಲು ಪ್ರಾಣಿಗಳ ಮೇಲಿನ ಪ್ರಯೋಗಗಳು ಸಿಗುತ್ತವೆ. 2001ರಲ್ಲಿ ಮಾರ್ಕೋಸ್ ಫ್ರಾಂಕ್ ಮತ್ತು ಜೊತೆಗಾರರು ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಆರು ಗಂಟೆ ಮುಚ್ಚಿಟ್ಟು, ಆಮೇಲೆ ಕೆಲವನ್ನು ಮಲಗಲು ಬಿಟ್ಟರು, ಕೆಲವನ್ನು ಕತ್ತಲಲ್ಲಿ ಎಚ್ಚರವಿಟ್ಟರು. ಮಲಗಿದ ಮರಿಗಳ ದೃಷ್ಟಿಯ ನರಜಾಲದಲ್ಲಿ ಬದಲಾವಣೆ ಇನ್ನಷ್ಟು ಬಲವಾಗಿ ಬೇರೂರಿತ್ತು, ಎಚ್ಚರವಿದ್ದವುಗಳಲ್ಲಿ ಹಾಗಾಗಿರಲಿಲ್ಲ.

ಪೂರ್ತಿ ಖಚಿತವಾಗದ ವಿಷಯಕ್ಕೆ ನಮ್ಮ ರೂಢಿ ಬದಲಿಸಬೇಕೇ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ನಮ್ಮ ಕಡಲ ದಂಡೆಯಲ್ಲೇ ಇದೆ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೈತಖೋಲ, ಬೇಲೆಕೇರಿಗಳಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಅದು ಮೀನು ಮೊಟ್ಟೆಯಿಟ್ಟು ಮರಿಯಾಗುವ ಕಾಲ. ದಡದಲ್ಲಿ ಕುಳಿತವರು ಹರಿದ ಬಲೆ ಸರಿಮಾಡುತ್ತಾರೆ, ಎಂಜಿನ್ ಬಿಚ್ಚಿ ನೋಡುತ್ತಾರೆ, ಬೋಟಿಗೆ ಬಣ್ಣ ಬಳಿಯುತ್ತಾರೆ. ಕಡಲೊಳಗೆ ಎಷ್ಟು ಮೊಟ್ಟೆ ಒಡೆದವು ಎಂದು ಯಾರೂ ಎಣಿಸಿ ಬಂದಿರುವುದಿಲ್ಲ. ಎರಡು ತಿಂಗಳ ದುಡಿಮೆ ಕಟ್ಟಾಗುವ ಕಷ್ಟ ಸಣ್ಣದಲ್ಲ. ಆದರೂ ಈ ಹೊತ್ತಿನಲ್ಲಿ ಬಲೆ ಬೀಸಿದರೆ ಮುಂದಿನ ವರ್ಷದ ಮೀನನ್ನೇ ಬಾಚಿದಂತೆ ಎಂಬ ತಿಳಿವಳಿಕೆಯಿಂದ ಊರಿಗೆ ಊರೇ ಕಾಯುತ್ತದೆ. ಮಗುವಿನ ರಾತ್ರಿಗೂ ನಾನು ಕೇಳುತ್ತಿರುವುದು ಇಷ್ಟೇ.

ಇನ್ನು ಓದಿನ ಮಾತು. ಜರ್ಮನಿಯ ಯಾನ್ ಬಾರ್ನ್ ಅವರ ತಂಡ 2013ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 8ರಿಂದ 11 ವರ್ಷದ ಮಕ್ಕಳಿಗೂ ದೊಡ್ಡವರಿಗೂ ಒಂದು ಆಟ ಕೊಟ್ಟರು. ಬೆಳಗಿದ ಗುಂಡಿ ಒತ್ತುತ್ತ ಹೋಗುವುದು, ಅಷ್ಟೇ. ಗುಂಡಿಗಳು ಒಂದು ಕ್ರಮದಲ್ಲಿ ಬೆಳಗುತ್ತಿವೆ ಎಂದು ಯಾರಿಗೂ ಹೇಳಿರಲಿಲ್ಲ. ನಿದ್ದೆ ಮಾಡಿ ಎದ್ದ ಮೇಲೆ ಆ ಕ್ರಮವನ್ನು ಬಾಯಿಬಿಟ್ಟು ಹೇಳುವುದರಲ್ಲಿ ಮಕ್ಕಳು ದೊಡ್ಡವರನ್ನು ಬಹಳ ಹಿಂದೆ ಹಾಕಿದರು. ರಾತ್ರಿ ಮಂದ ಅಲೆ ಹೆಚ್ಚಿದ್ದವರಲ್ಲಿ ಈ ಲಾಭವೂ ಹೆಚ್ಚು. ಕೈಗೆ ಗೊತ್ತಿದ್ದದ್ದು ಬುದ್ಧಿಗೂ ಗೊತ್ತಾಗುವ ಈ ದಾಟುವಿಕೆಯೇ ಕಲಿಕೆಯ ಸಾರ. ಹತ್ತು ಲೆಕ್ಕ ಬಿಡಿಸಿದ ಮಗುವಿಗೆ ಆ ಹತ್ತರ ಹಿಂದಿರುವ ಒಂದು ಸೂತ್ರ ಹೊಳೆಯುವುದು ಹೀಗೆಯೇ. ಸಿಂಗಪುರದ ಮೈಕೆಲ್ ಚೀ ಅವರ ಪ್ರಯೋಗಾಲಯದಿಂದ 2019ರಲ್ಲಿ ಬಂದ ಇನ್ನೊಂದು ಅಧ್ಯಯನ ಕಡಲತಡಿಯವರಿಗೆ ಹಿಡಿಸುವಂಥದ್ದು. ಕಾಲೇಜು ವಿದ್ಯಾರ್ಥಿಗಳಿಗೆ ಇರುವೆ ಮತ್ತು ಏಡಿಗಳ ಜಾತಿಗಳ ಬಗ್ಗೆ ಪಾಠ ಮಾಡಿ, ನಡುವೆ ಒಂದು ಗಂಟೆ ಕೊಟ್ಟರು. ಒಂದು ಗುಂಪು ಮಲಗಿತು, ಒಂದು ಗುಂಪು ಕಲಿತದ್ದನ್ನೇ ಉರುಹೊಡೆಯಿತು, ಇನ್ನೊಂದು ಸುಮ್ಮನೆ ಕಾಲ ಕಳೆಯಿತು. ಅರ್ಧ ಗಂಟೆಯ ನಂತರದ ಪರೀಕ್ಷೆಯಲ್ಲಿ ಮಲಗಿದವರೂ ಉರುಹೊಡೆದವರೂ ಸುಮ್ಮನಿದ್ದವರಿಗಿಂತ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಆ ಮುನ್ನಡೆ ಉಳಿದದ್ದು ಮಲಗಿದವರಲ್ಲಿ ಮಾತ್ರ. ಡಿಸೆಂಬರಿನಲ್ಲಿ ಓದಿದ್ದು ಮಾರ್ಚಿನಲ್ಲಿ ಬೇಕಾಗಿರುವವರಿಗೆ ಇದಕ್ಕಿಂತ ಹತ್ತಿರದ ಪುರಾವೆ ಬೇಕೇ?

ಸೂಕ್ಷ್ಮವಾಗಿ ಓದುವ ವಿಜ್ಞಾನ ಶಿಕ್ಷಕರೊಬ್ಬರು ಇಲ್ಲಿ ತಡೆದು ಕೇಳಬಹುದು: ಗಾಢ ನಿದ್ದೆ ರಾತ್ರಿಯ ಮೊದಲ ಭಾಗದಲ್ಲೇ ಹೆಚ್ಚು ಬರುತ್ತದಲ್ಲ, ನಾಲ್ಕೂವರೆಗೆ ಎಬ್ಬಿಸಿದರೆ ಆ ಅಲೆಗಳಿಗೇನೂ ನಷ್ಟವಿಲ್ಲವಲ್ಲ? ಪ್ರಶ್ನೆ ಸರಿಯಾಗಿದೆ. ನಿದ್ದೆ ಕಡಿಮೆಯಾದಾಗ ದೇಹ ಗಾಢ ನಿದ್ದೆಯನ್ನು ಆದಷ್ಟು ಉಳಿಸಿಕೊಂಡು ಉಳಿದದ್ದನ್ನು ಬಿಟ್ಟುಕೊಡುತ್ತದೆ. ಬಿಟ್ಟುಕೊಡುವುದು ಏನನ್ನು ಎಂಬುದೇ ಇಲ್ಲಿ ಮುಖ್ಯ. ನಸುಕಿನ ನಿದ್ದೆಯಲ್ಲಿ ಎರಡು ಬಗೆ ಹೆಚ್ಚು. ಒಂದು, 1953ರಲ್ಲಿ ಷಿಕಾಗೊದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಗುರುತಿಸಿದ, ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರ ಓಡಾಡುವ ಕನಸಿನ ನಿದ್ದೆ. ಹುಟ್ಟಿದ ಮಗುವಿನ ನಿದ್ದೆಯಲ್ಲಿ ಅರ್ಧದಷ್ಟು ಇದೇ. ತೊಟ್ಟಿಲಲ್ಲಿ ಕೂಸು ತುಟಿ ಅರಳಿಸಿದಾಗ ಷಷ್ಠಿದೇವಿ ಬಂದು ನಗಿಸುತ್ತಿದ್ದಾಳೆ ಎನ್ನುತ್ತಾರಲ್ಲ, ಅದು ಈ ಹೊತ್ತಿನ ನಗು. ಎರಡನೆಯದು, ನೂಲಿನ ಕದಿರಿನ ಹಾಗೆ ನಡುವೆ ಉಬ್ಬಿ ತುದಿಗಳಲ್ಲಿ ಸಣ್ಣಗಾಗುವ ಅಲೆಗಳಿರುವ ಹಗುರ ನಿದ್ದೆ. ಹೊಸದಾಗಿ ಕಲಿತದ್ದು ನೆನಪಿನ ಉಗ್ರಾಣ ಸೇರುವುದಕ್ಕೂ ಈ ಕದಿರಿನಾಕಾರದ ಅಲೆಗಳಿಗೂ ಹತ್ತಿರದ ಸಂಬಂಧವನ್ನು ಹಲವು ಅಧ್ಯಯನಗಳು ತೋರಿಸಿವೆ. ಹಾಗಾಗಿ ಹನ್ನೊಂದಕ್ಕೆ ಮಲಗಿ ನಾಲ್ಕೂವರೆಗೆ ಎದ್ದ ಮಗು ಕಳೆದುಕೊಳ್ಳುವುದು ರಾತ್ರಿಯ ಕೊನೆಯ ಸೊಪ್ಪುಸದೆಯನ್ನಲ್ಲ, ನೆನಪನ್ನು ಒಪ್ಪಮಾಡಿ ಇಡುವ ಗಂಟೆಗಳನ್ನು.

ಈಗ ನಮ್ಮ ಊರಿನ ಗಡಿಯಾರಕ್ಕೆ ಬರೋಣ, ಏಕೆಂದರೆ ಇದರಲ್ಲಿ ನಮ್ಮ ಮಕ್ಕಳಿಗೆ ಆಗುತ್ತಿರುವ ನಷ್ಟ ದೇಶದ ಪೂರ್ವ ಭಾಗದ ಮಕ್ಕಳಿಗಿಲ್ಲ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಸೂರ್ಯನಿಗೆ. ಕಾರವಾರ ಇರುವುದು 74.1ರ ಹತ್ತಿರ, ಅಂಕೋಲಾ 74.3ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಅರ್ಧ ಗಂಟೆಗೂ ಹೆಚ್ಚು ಹಿಂದೆ. ಅಲಾರಾಂ ನಾಲ್ಕೂವರೆ ಬಾರಿಸಿದಾಗ ಕಾರವಾರದ ಆಕಾಶದ ಲೆಕ್ಕದಲ್ಲಿ ಇನ್ನೂ ನಾಲ್ಕು ಗಂಟೆಯೂ ಆಗಿರುವುದಿಲ್ಲ. ಕಾಳಿ ನದಿಯ ಅಳಿವೆಯಾಚೆ ಸೂರ್ಯ ಮುಳುಗುವ ಹೊತ್ತಿಗೆ ಕೋಲ್ಕತಾದಲ್ಲಿ ಸೂರ್ಯ ಮುಳುಗಿ ಸುಮಾರು ಒಂದು ಗಂಟೆ ಕಳೆದಿರುತ್ತದೆ. ದೇಹದೊಳಗಿನ ಗಡಿಯಾರ ಕೈಗಡಿಯಾರ ನೋಡಿ ನಡೆಯುವುದಿಲ್ಲ, ಬೆಳಕು ನೋಡಿ ನಡೆಯುತ್ತದೆ. ಹೊತ್ತು ಮುಳುಗುವುದು ತಡವಾದಷ್ಟೂ ನಿದ್ದೆ ಹತ್ತುವುದು ತಡ, ಆದರೆ ಏಳುವ ಹೊತ್ತನ್ನು ನಿರ್ಧರಿಸುವುದು ಶಾಲೆ ಮತ್ತು ಬಸ್ಸು. ಅರ್ಥಶಾಸ್ತ್ರಜ್ಞ ಮೌಲಿಕ್ ಜಗನಾನಿ ಭಾರತದ ಅಂಕಿಅಂಶಗಳನ್ನೇ ಬಳಸಿ, ಸೂರ್ಯಾಸ್ತ ಒಂದು ಗಂಟೆ ತಡವಾದರೆ ಮಕ್ಕಳ ನಿದ್ದೆ ಸುಮಾರು ಅರ್ಧ ಗಂಟೆ ಕಡಿಮೆಯಾಗುತ್ತದೆ ಎಂದು ಲೆಕ್ಕ ಹಾಕಿದ್ದಾರೆ. ಸೂರ್ಯ ತಡವಾಗಿ ಮುಳುಗುವ ಕಡೆಗಳಲ್ಲಿ ಮಕ್ಕಳು ಶಾಲೆಯಲ್ಲಿ ಕಳೆಯುವ ವರ್ಷಗಳೂ ಕಡಿಮೆ, ಬಡ ಮನೆಗಳಲ್ಲಿ ನಿದ್ದೆಯ ನಷ್ಟವೂ ಹೆಚ್ಚು ಎಂಬುದು ಅವರ ಇನ್ನೊಂದು ನಿಲುವು. ಅವರು ನಿದ್ದೆಗೆ ಆಧಾರವಾಗಿಟ್ಟುಕೊಂಡ 1998-99ರ ಸಮಯ ಬಳಕೆ ಸಮೀಕ್ಷೆ ನಡೆದ ಆರು ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ ಎಂಬುದನ್ನೂ ಹೇಳಬೇಕು. 2011ರ ಜನಗಣತಿಯಲ್ಲಿ ಶೇ. 84ರಷ್ಟು ಸಾಕ್ಷರತೆ ಕಂಡ ಜಿಲ್ಲೆ ನಮ್ಮದು, ಆದ್ದರಿಂದ ಭೂಪಟವೇ ಹಣೆಬರಹ ಎಂದೂ ನಾನು ಹೇಳುವುದಿಲ್ಲ. ಆದರೆ ಸೂರ್ಯ ಮೊದಲೇ ಅರ್ಧ ಗಂಟೆ ಕಸಿದುಕೊಂಡಿರುವ ಕಡೆ ನಾವು ಇನ್ನೂ ಎರಡು ಗಂಟೆ ಕಸಿಯುವುದು ಯಾವ ನ್ಯಾಯ?

ಹಿರಿಯರು ಬ್ರಾಹ್ಮೀ ಮುಹೂರ್ತದ ಮಾತೆತ್ತುತ್ತಾರೆ. ಆ ಹೊತ್ತಿನಲ್ಲಿ ಓದಿದ್ದು ತಲೆಗೆ ಹತ್ತುತ್ತದೆ ಎಂಬ ಅನುಭವವನ್ನು ಹಗುರವಾಗಿ ಕಾಣಬಾರದು. ನಸುಕಿನಲ್ಲಿ ಗದ್ದಲವಿಲ್ಲ, ಸೆಕೆಯಿಲ್ಲ, ನಿದ್ದೆ ತುಂಬಿ ಎದ್ದ ಮನಸ್ಸು ತಿಳಿಯಾಗಿರುತ್ತದೆ. ಆದರೆ ಲೆಕ್ಕ ಸರಿಯಾಗಿ ಹಾಕೋಣ. ಒಂದು ಮುಹೂರ್ತವೆಂದರೆ 48 ನಿಮಿಷ. ಸೂರ್ಯೋದಯಕ್ಕೆ ಎರಡು ಮುಹೂರ್ತ ಮೊದಲು, ಅಂದರೆ 96 ನಿಮಿಷ ಮೊದಲು ಬ್ರಾಹ್ಮೀ ಮುಹೂರ್ತ ಶುರು. ಜನವರಿಯ ನಡುವಿನಲ್ಲಿ ಕಾರವಾರದಲ್ಲಿ ಸೂರ್ಯ ಹುಟ್ಟುವುದು ಏಳು ಗಂಟೆ ದಾಟಿದ ಮೇಲೆ. ಹಾಗಾದರೆ ಇಲ್ಲಿನ ಬ್ರಾಹ್ಮೀ ಮುಹೂರ್ತ ಐದೂವರೆಯ ಆಸುಪಾಸಿಗೆ. ಪರೀಕ್ಷೆಯ ಮಾರ್ಚಿನಲ್ಲೂ ಅದು ಐದರ ಆಸುಪಾಸಿಗೆ. ನಾಲ್ಕೂವರೆಯ ಫೋನು ಶಾಸ್ತ್ರಕ್ಕೂ ಒಪ್ಪದ್ದು. ಜೊತೆಗೆ, ಆ ರೂಢಿ ಬೆಳೆದ ಕಾಲದಲ್ಲಿ ಮನೆಯ ಚಿಮಣಿ ದೀಪ ಆರುತ್ತಿದ್ದದ್ದು ರಾತ್ರಿ ಎಂಟರ ಸುಮಾರಿಗೆ. ಬೇಗ ಮಲಗುವ ಅರ್ಧವನ್ನು ಬಿಟ್ಟು ಬೇಗ ಏಳುವ ಅರ್ಧವನ್ನಷ್ಟೇ ಇಟ್ಟುಕೊಂಡರೆ ಅದು ಹಿರಿಯರ ರೂಢಿ ಹೇಗಾದೀತು?

ಹಾಗಾದರೆ ಮಕ್ಕಳನ್ನು ಎಂಟೂವರೆಗೆ ಮಲಗಿಸಿ ನಾಲ್ಕೂವರೆಗೆ ಎಬ್ಬಿಸಬಹುದಲ್ಲ ಎಂದರೆ, ಹರೆಯದ ದೇಹ ಅದಕ್ಕೆ ಬಗ್ಗುವುದಿಲ್ಲ. ಅಮೆರಿಕದ ಮೇರಿ ಕಾರ್ಸ್‌ಕಾಡನ್ ದಶಕಗಳ ಕಾಲ ತೋರಿಸಿಕೊಟ್ಟಂತೆ, ಪ್ರಾಯಕ್ಕೆ ಬರುತ್ತಿರುವ ಮಕ್ಕಳಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನು ಏರುವುದೇ ತಡ. ಬೇಗ ಮಲಗೆಂದು ಗದರಿದರೆ ಕಣ್ಣು ಬಿಟ್ಟುಕೊಂಡು ಹೊರಳಾಡುತ್ತಾರೆ. ಸೋಮಾರಿತನವೆಂದು ನಾವು ಬೈಯುವ ಬೆಳಗಿನ ನಿದ್ದೆಗೆ ಕಾರಣ ಅವರ ವಯಸ್ಸು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿತು. ಹತ್ತಕ್ಕೆ ನಿದ್ದೆ ಹತ್ತಿದರೂ ಎಂಟು ಗಂಟೆ ತುಂಬುವುದು ಬೆಳಿಗ್ಗೆ ಆರಕ್ಕೆ.

ವಾರವಿಡೀ ಕೊರತೆಯಾದರೆ ಭಾನುವಾರ ತುಂಬಿಕೊಳ್ಳುತ್ತಾರೆ ಎಂಬ ಸಮಾಧಾನ ಹಲವರದ್ದು. ಇದನ್ನು ಸಿಂಗಪುರದಲ್ಲಿ ನೇರವಾಗಿಯೇ ಪರೀಕ್ಷಿಸಿದ್ದಾರೆ. 15ರಿಂದ 19 ವರ್ಷದ 56 ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ ಏಳು ರಾತ್ರಿ ಐದೈದೇ ಗಂಟೆ, ಇನ್ನೊಂದಕ್ಕೆ ಒಂಬತ್ತು ಗಂಟೆ ಹಾಸಿಗೆ ಬಿಟ್ಟುಕೊಟ್ಟರು. ಐದು ಗಂಟೆಯವರ ಗಮನ, ಆ ಹೊತ್ತಿಗೆ ಬೇಕಾದ್ದನ್ನು ಮನಸ್ಸಿನಲ್ಲಿ ಹಿಡಿದಿಡುವ ನೆನಪು, ಉತ್ಸಾಹ ದಿನದಿಂದ ದಿನಕ್ಕೆ ಕುಸಿಯಿತು. ಆಮೇಲೆ ಎರಡು ರಾತ್ರಿ ಒಂಬತ್ತು ಗಂಟೆ ಮಲಗಿಸಿದರೂ ಗಮನ ಮೊದಲಿನ ಮಟ್ಟಕ್ಕೆ ಬರಲಿಲ್ಲ. 2016ರಲ್ಲಿ ಪ್ರಕಟವಾದ ಈ ಅಧ್ಯಯನದ ಮಕ್ಕಳೂ ನಮ್ಮ ಮಕ್ಕಳಂತೆಯೇ ಪರೀಕ್ಷೆಯ ಒತ್ತಡದಲ್ಲಿ ಬೆಳೆದವರು, ಸ್ವಿಟ್ಜರ್ಲೆಂಡಿನವರಲ್ಲ. ಸುಗ್ಗಿಯ ಒಂದು ರಾತ್ರಿ ಕುಣಿತ ನೋಡಿದ್ದಕ್ಕೆ, ಯಕ್ಷಗಾನಕ್ಕೆ ಒಮ್ಮೆ ಬೆಳಗಿನವರೆಗೆ ಕುಳಿತದ್ದಕ್ಕೆ ಯಾರ ಮಿದುಳೂ ಕೆಡುವುದಿಲ್ಲ. ನಾಲ್ಕು ತಿಂಗಳು ಎಡೆಬಿಡದೆ ನಡೆಯುವ ಕೊರತೆಯ ಮಾತು ಬೇರೆ.

ನಾವೂ ಹೀಗೇ ಓದಿ ಮೇಲೆ ಬಂದೆವು ಎನ್ನುವವರಿಗೆ ಉತ್ತರ ಚಿಕ್ಕದು. ಹಾಗೆನ್ನುವವರು ಮೇಲೆ ಬಂದವರು. ತರಗತಿಯಲ್ಲಿ ತೂಕಡಿಸಿ, ಅರ್ಥವಾಗದೆ, ಶಾಲೆ ಬಿಟ್ಟು ಹೋದವರನ್ನು ಯಾರೂ ಕೇಳಿಲ್ಲ. ಮೊಬೈಲಿನ ಮಾತನ್ನೂ ಬೇಗ ಮುಗಿಸುತ್ತೇನೆ. ಎಬ್ಬಿಸದಿದ್ದರೆ ಆ ಹೊತ್ತನ್ನೂ ರಾತ್ರಿ ಮೊಬೈಲಿಗೆ ಸುರಿಯುತ್ತಾರೆ ಎಂಬ ಭಯ ಸಹಜವೇ, ರಾತ್ರಿ ಹಾಸಿಗೆಯಲ್ಲಿ ಮೊಬೈಲು ಬೇಡವೆಂಬುದರಲ್ಲಿ ನನ್ನದೂ ಎರಡು ಮಾತಿಲ್ಲ. ಆದರೆ ಅಮೆರಿಕದ ಸಿಯಾಟಲ್ ನಗರದಲ್ಲಿ 2016ರಲ್ಲಿ ಹೈಸ್ಕೂಲಿನ ಆರಂಭವನ್ನು 7:50ರಿಂದ 8:45ಕ್ಕೆ ಮುಂದೂಡಿದಾಗ ಇದೇ ಭಯವಿತ್ತು. ಮಕ್ಕಳ ಕೈಗೆ ಸಾಧನ ಕಟ್ಟಿ ಅಳೆದಾಗ ನಿದ್ದೆ ದಿನಕ್ಕೆ 34 ನಿಮಿಷ ಹೆಚ್ಚಿತ್ತು. ಕೊಟ್ಟ ಹೊತ್ತನ್ನು ಅವರು ಮಲಗಲಿಕ್ಕೇ ಬಳಸಿದ್ದರು. ನೆರೆಯ ಮಹಾರಾಷ್ಟ್ರ ಸರ್ಕಾರವೂ ಮಕ್ಕಳ ನಿದ್ದೆಯ ಕಾರಣ ಮುಂದಿಟ್ಟು, ನಾಲ್ಕನೇ ತರಗತಿವರೆಗಿನ ಶಾಲೆಗಳು ಒಂಬತ್ತಕ್ಕಿಂತ ಮೊದಲು ಶುರುವಾಗಬಾರದೆಂದು 2024ರಲ್ಲಿ ಆದೇಶಿಸಿತು.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಬಡ ಮನೆಗಳದ್ದು, ಅದರ ಮುಂದೆ ನಾನು ತಲೆತಗ್ಗಿಸಿಯೇ ಮಾತಾಡಬೇಕು. ಒಂದೇ ಕೋಣೆಯಲ್ಲಿ ಅಜ್ಜಿಯ ಕೆಮ್ಮು, ತಮ್ಮನ ಅಳು, ಟಿವಿ, ಅಡುಗೆಯ ಹೊಗೆ, ಹೆದ್ದಾರಿಯ ಲಾರಿಗಳ ಸದ್ದು ಎಲ್ಲ ಇರುವಲ್ಲಿ ಮಗುವಿಗೆ ಪುಸ್ತಕ ಬಿಡಿಸಲು ಸಿಗುವ ಒಂದೇ ಏಕಾಂತ ನಸುಕಿನದ್ದು. ಆಯಿ ಮೀನಿನ ಬುಟ್ಟಿ ಹೊತ್ತು ಕತ್ತಲಲ್ಲೇ ಹೊರಡುವ ಮನೆಯಲ್ಲಿ ಮಗು ಹೇಗೂ ಏಳುತ್ತದೆ. ಕದ್ರಾ, ಮಲ್ಲಾಪುರ ಕಡೆಯಿಂದಲೋ ಅಚವೆ, ಹಿಲ್ಲೂರಿನಿಂದಲೋ ಬರುವ ಮಗುವಿಗೆ ಬಸ್ಸಿನದ್ದೇ ಚಿಂತೆ. ಇಂಥವರಿಗೆ ಎಂಟು ಗಂಟೆ ಮಲಗು ಎಂದು ಬರಿಯ ಉಪದೇಶ ಮಾಡುವುದು ಕ್ರೌರ್ಯ. ಆದರೆ ಈ ಆಕ್ಷೇಪವನ್ನೇ ಇನ್ನೊಮ್ಮೆ ನೋಡಿ. ಮಗುವಿಗೆ ಇಲ್ಲದ್ದು ಏಕಾಂತದ ಜಾಗ. ಜಾಗದ ಕೊರತೆಯನ್ನು ನಿದ್ದೆಯಿಂದ ತೀರಿಸುತ್ತಿದ್ದೇವೆ. ಬಡವರ ಮಕ್ಕಳಿಗೆ ಓದಲು ಜಾಗ ಕಟ್ಟಿಕೊಡುವುದು ಈ ನೆಲಕ್ಕೆ ಹೊಸತಲ್ಲ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯ ಹಳ್ಳಿಗಳಿಗೆ ಹೈಸ್ಕೂಲು ತಂದದ್ದು ಇದೇ ಅಂಕೋಲೆಯಿಂದ. ಇವತ್ತು ಪಂಚಾಯ್ತಿಗೊಂದು ಗ್ರಂಥಾಲಯ, ಅಂದರೆ ಅರಿವು ಕೇಂದ್ರವಿದೆ, ಶಾಲೆಗಳಲ್ಲಿ ಸಂಜೆ ಖಾಲಿ ಬೀಳುವ ಕೋಣೆಗಳಿವೆ. ಸಂಜೆ ಆರರಿಂದ ಎಂಟರವರೆಗೆ ಅಲ್ಲೊಂದು ದೀಪ, ಒಂದು ಫ್ಯಾನು, ಸರದಿಯಂತೆ ಒಬ್ಬ ಹಿರಿಯರು ಇದ್ದರೆ ನಾಲ್ಕೂವರೆಯ ಏಕಾಂತ ಮಗುವಿಗೆ ಮುಸ್ಸಂಜೆಗೇ ಸಿಗುತ್ತದೆ. ವಿಶೇಷ ತರಗತಿಗೆ ಹೂಡುತ್ತಿರುವ ಶ್ರಮದಲ್ಲಿ ಒಂದು ಪಾಲನ್ನು ಇತ್ತ ತಿರುಗಿಸಿದರೂ ಸಾಕು.

ಶಿಕ್ಷಕರ ಕಷ್ಟ ನನಗೆ ಗೊತ್ತಿದೆ. 2024ರಲ್ಲಿ ಶೇ. 73.40 ಇದ್ದ ರಾಜ್ಯದ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯ ಫಲಿತಾಂಶ 2025ರಲ್ಲಿ 66.14ಕ್ಕೆ ಇಳಿದಾಗಲೂ ದಕ್ಷಿಣ ಕನ್ನಡ, ಉಡುಪಿಗಳ ನಂತರ ಮೂರನೇ ಜಾಗದಲ್ಲಿ ನಿಂತದ್ದು ನಮ್ಮ ಉತ್ತರ ಕನ್ನಡ. ಆ ಜಾಗ ಉಳಿಸಿಕೊಳ್ಳುವ ಒತ್ತಡ ಮೇಲಿನಿಂದ ಬರುತ್ತದೆ, ಶಾಲೆಯ ಫಲಿತಾಂಶ ಬಿದ್ದರೆ ಉತ್ತರ ಕೊಡಬೇಕಾದವರು ನೀವು. ನಸುಕಿನ ಫೋನು ಯಾರಿಗಾದರೂ ತೋರಿಸಬಹುದಾದ ದುಡಿಮೆ. ನಿದ್ದೆ ಮಾಡಿದ ಮಗುವನ್ನು ವರದಿಯಲ್ಲಿ ಬರೆಯಲು ಕಾಲಂ ಇಲ್ಲ. ಅದಕ್ಕಾಗಿಯೇ ಇದನ್ನು ಒಬ್ಬೊಬ್ಬ ಶಿಕ್ಷಕರಿಗೆ ಬರೆಯದೆ ಎರಡೂ ತಾಲೂಕಿನ ಎಲ್ಲರಿಗೂ ಬಹಿರಂಗವಾಗಿ ಬರೆದಿದ್ದೇನೆ. ಒಂದು ಶಾಲೆ ಮಾತ್ರ ಫೋನ್ ನಿಲ್ಲಿಸಿದರೆ ಅಳುಕು ಇದ್ದೇ ಇರುತ್ತದೆ, ಎಲ್ಲ ಶಾಲೆಗಳೂ ಒಟ್ಟಿಗೆ ನಿಲ್ಲಿಸಿದರೆ ಯಾರೂ ಹಿಂದೆ ಬೀಳುವುದಿಲ್ಲ. ಬೋಟುಗಳು ಒಟ್ಟಿಗೇ ದಡದಲ್ಲಿ ನಿಲ್ಲುವುದರ ಗುಟ್ಟೂ ಅದೇ.

ಮುಂದಿನ ಪಾಲಕರ ಸಭೆಯಲ್ಲಿ ಇದನ್ನು ಎತ್ತಿಕೊಳ್ಳಿ. ಆರಕ್ಕಿಂತ ಮೊದಲು ಯಾವ ಮಗುವಿಗೂ ಫೋನ್ ಹೋಗದಿರಲಿ, ರಾತ್ರಿ ಹತ್ತಾದರೆ ಪುಸ್ತಕವೂ ಮೊಬೈಲೂ ಮುಚ್ಚಲಿ, ಮಧ್ಯಾಹ್ನದ ಊಟದ ನಂತರ ಮೇಜಿಗೆ ತಲೆಯಿಟ್ಟು ಇಪ್ಪತ್ತು ನಿಮಿಷ ಕಣ್ಣು ಮುಚ್ಚುವ ಮಗುವಿಗೆ ಬೈಗುಳ ಬೀಳದಿರಲಿ. ಅದಕ್ಕೂ ಮೊದಲು ಎರಡು ವಾರ, ಪ್ರತಿ ಮಗುವೂ ತನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಿದ್ದೆ ಹತ್ತಿದ ಹೊತ್ತು, ಎದ್ದ ಹೊತ್ತು, ತರಗತಿಯಲ್ಲಿ ತೂಕಡಿಕೆ ಬಂದ ಪಿರಿಯಡ್ ಇಷ್ಟನ್ನು ಬರೆದಿಡಲಿ. ಖರ್ಚಿಲ್ಲದ ಕೆಲಸ. ಗಣಿತದ ಶಿಕ್ಷಕರು ಅದನ್ನೇ ಕೊಟ್ಟು ಸರಾಸರಿ ತೆಗೆಸಬಹುದು, ನಕ್ಷೆ ಬಿಡಿಸಬಹುದು. ಆ ಪುಟಗಳನ್ನು ಒಟ್ಟುಗೂಡಿಸಿ ಕಿರುಪರೀಕ್ಷೆಯ ಅಂಕಗಳ ಪಕ್ಕದಲ್ಲಿಟ್ಟು ನೋಡಿ. ನಮ್ಮ ಮಕ್ಕಳ ಲೆಕ್ಕ ನಾನು ಇಲ್ಲಿ ಹೇಳಿದ್ದಕ್ಕೆ ವಿರುದ್ಧವಾಗಿ ಬಂದರೆ ಅದನ್ನೂ ಹೀಗೆಯೇ ಬಹಿರಂಗವಾಗಿ ಬರೆಯಿರಿ, ಓದಲು ಕಾದಿರುತ್ತೇನೆ.

ಇತಿ,
ನಿಮ್ಮ ವಿಶ್ವಾಸಿ